ಹಿಂದಿನ ಸಾಲಿಗೂ ಕೇಳಿಸಬೇಕು: ಮೈಸೂರಿನ ಒಂದು ಮೈಕ್‌ಸೆಟ್ ಅಂಗಡಿಯ ಬಗ್ಗೆ

ಮೈಸೂರಿನ ಅಗ್ರಹಾರ ವೃತ್ತದಿಂದ ಸ್ವಲ್ಪ ಒಳಗೆ, ಸೈಕಲ್ ರಿಪೇರಿ ಅಂಗಡಿಯ ಪಕ್ಕದಲ್ಲಿ ಈ ಮೈಕ್‌ಸೆಟ್ ಅಂಗಡಿ ಇದೆ. ಬೋರ್ಡು ಮಾಸಿಹೋಗಿದೆ. ಹೊರಗೆ ಎರಡು ಹಳೆಯ ಹಾರ್ನ್ ಸ್ಪೀಕರ್ ನೇತುಹಾಕಿದ್ದಾರೆ, ಅದೇ ಗುರುತು. ಬರೆಯುತ್ತೇನೆ ಎಂದಾಗ ಯಜಮಾನರು, "ಹೆಸ್ರು ಹಾಕ್ಬೇಡಿ ಅಕ್ಕಾ, ಈಗ ಬರ್ತಿರೋ ಕೆಲ್ಸಾನೇ ಮಾಡೋಕೆ ಆಗ್ತಿಲ್ಲ" ಎಂದರು. ಹಾಗಾಗಿ ಹೆಸರಿಲ್ಲದೆ ಬರೆಯುತ್ತಿದ್ದೇನೆ. ನಿಮ್ಮ ಬಡಾವಣೆಯಲ್ಲಿ ಸಣ್ಣ ಕಾರ್ಯಕ್ರಮ ಮಾಡುವವರಿದ್ದರೆ, ಮುಖ್ಯವಾಗಿ ವಯಸ್ಸಾದವರು ಬಂದು ಕೂತು ಕೇಳುವಂಥದ್ದು ಮಾಡುವವರಿದ್ದರೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪ ಹೈಸ್ಕೂಲಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿದ್ದರು. ರಿಟೈರ್ ಆದ ಮೇಲೆ ನಮ್ಮ ಬಡಾವಣೆಯ ಸಂಘದ ಹಾಲ್‌ನಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಸಂಜೆ ಐದೂವರೆಗೆ ಒಂದು ಉಪನ್ಯಾಸ ಇಡಿಸುತ್ತಿದ್ದರು. 45 ನಿಮಿಷ ಮಾತು, ಅರ್ಧ ಗಂಟೆ ಪ್ರಶ್ನೆ, ಆಮೇಲೆ ಖಾರಾಬೂಂದಿ, ಕಾಫಿ. ಶಾಲು, ಹಾರ, ಸನ್ಮಾನ ಯಾವುದೂ ಇಲ್ಲ. ಮಾತಾಡಿದವರಿಗೆ ಒಂದು ಪುಸ್ತಕ, ಎರಡು ನಂಜನಗೂಡು ರಸಬಾಳೆ. ಯಾರು ಬೇಕಾದರೂ ಬರಬಹುದಿತ್ತು. ಮಣ್ಣು ಪರೀಕ್ಷೆ, ಹಾವು ಕಡಿತ, ಉಯಿಲು ಬರೆಯುವುದು ಹೇಗೆ, ಕನ್ನಂಬಾಡಿ ಕಟ್ಟೆಗೆ ಸಿಮೆಂಟಿನ ಬದಲು ಸುರ್ಕಿ ಗಾರೆ (ಇಟ್ಟಿಗೆ ಪುಡಿ, ಸುಣ್ಣ ಕಲಸಿದ್ದು) ಹಾಕಿದ್ದು ಯಾಕೆ, ಇಂಥವೇ ವಿಷಯಗಳು. ಹಿಂದೆ ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸ ಅಂತ ನಡೆಸುತ್ತಿತ್ತು. ಪ್ರೊಫೆಸರುಗಳು ಸಣ್ಣ ಊರುಗಳಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಚರಿತ್ರೆ ಹೇಳಿ ಬರುತ್ತಿದ್ದರು. ಆ ಮಾತುಗಳು ಆಮೇಲೆ ಸಣ್ಣ ಪುಸ್ತಕಗಳಾಗಿಯೂ ಬಂದವು. ಅಪ್ಪ ಅವನ್ನು ಓದಿಕೊಂಡೇ ಬೆಳೆದವರು. ತಾನೂ ಅದನ್ನೇ ಒಂದು ಬೀದಿಯ ಮಟ್ಟಿಗೆ ಮಾಡುತ್ತಿದ್ದೇನೆ ಎನ್ನುತ್ತಿದ್ದರು.

ಕೊರೊನಾದ ಎರಡು ವರ್ಷ ಬಿಟ್ಟರೆ ಒಂದು ತಿಂಗಳೂ ತಪ್ಪಿಸಲಿಲ್ಲ. ಅವರ ನೋಟ್‌ಬುಕ್ಕಿನಲ್ಲಿ ಕೊನೆಯ ಉಪನ್ಯಾಸದ ನಂಬರು 131. ಅದಾದ ಹನ್ನೊಂದನೇ ದಿನ ಬೆಳಗ್ಗೆ ತೀರಿಕೊಂಡರು.

132ನೆಯದನ್ನು ನಾನು ಮಾಡಿದೆ. ಮೂರು ತಿಂಗಳು ಬಿಟ್ಟು. ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಬಂದಿದ್ದ ಐದಾರು ಹಿರಿಯರು ಕೈ ತೊಳೆದುಕೊಂಡು ಬಂದು, "ಮುಂದಿನ ಎರಡನೇ ಭಾನುವಾರ ಏನಮ್ಮಾ?" ಎಂದು ಕೇಳಿದ್ದರು. ನಾನು ಏನೂ ಹೇಳಿರಲಿಲ್ಲ. ಆದರೆ ಆ ಪ್ರಶ್ನೆ ಬಿಡಲಿಲ್ಲ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಲೆಕ್ಕ ಗೊತ್ತು. ಅಪ್ಪನ ನೋಟ್‌ಬುಕ್ ಇಟ್ಟುಕೊಂಡು ಒಂದೊಂದೇ ಖರ್ಚು ನೋಡಿದೆ. ಹಾಲ್‌ನ ಕರೆಂಟಿಗೆ ಇಷ್ಟು, ಕಾಫಿಗೆ ಇಷ್ಟು, ಪುಸ್ತಕಕ್ಕೆ ಇಷ್ಟು. ಪ್ರತಿ ತಿಂಗಳೂ "ಮೈ. 600" ಎಂದು ಒಂದು ಸಾಲು ಇತ್ತು. ಬಂದವರಿಗೆ ಕೊಡುವ ಮೈಸೂರು ಪಾಕಿನ ಲೆಕ್ಕ ಇರಬೇಕು ಎಂದುಕೊಂಡೆ. ಮೈಕು ಹಾಲ್‌ನದೇ ಎಂದು ನಂಬಿದ್ದೆ. ಹೋಗಿ ನೋಡಿದರೆ ಹಾಲ್‌ನಲ್ಲಿ ಒಂದು ವೈರೂ ಇರಲಿಲ್ಲ. ಆನ್‌ಲೈನಿನಲ್ಲಿ ಒಂದು ಟ್ರಾಲಿ ಸ್ಪೀಕರ್ ತರಿಸಿದೆ. ಚಕ್ರ ಇದೆ, ಎರಡು ಕಾರ್ಡ್‌ಲೆಸ್ ಮೈಕ್ ಇದೆ, ಬಣ್ಣದ ಲೈಟೂ ಇದೆ. ಒಂಬತ್ತು ಸಾವಿರ ಕೊಟ್ಟೆ. ಯಾವ ಕಂಪನಿ ಎಂದು ಹೇಳುವುದಿಲ್ಲ. ಹಾಡು ಕೇಳಲು, ಕುಣಿಯಲು ಅದು ಚೆನ್ನಾಗಿಯೇ ಇದೆ.

ಆ ದಿನ ಮಾತಾಡಿದವರು ಒಬ್ಬ ಡಾಕ್ಟರು. ವಿಷಯ ರಕ್ತದೊತ್ತಡ. ಒಳ್ಳೆಯ ಕನ್ನಡ, ನಿಧಾನದ ಮಾತು. 70 ಜನ ಬಂದಿದ್ದರು. ಎಲ್ಲ ಚೆನ್ನಾಗಿ ಆಯಿತು ಅಂತ ರಾತ್ರಿ ಸಮಾಧಾನದಿಂದ ಮಲಗಿದೆ.

ಒಂಬತ್ತನೇ ದಿನ ನಂದಿನಿ ಬೂತಿನ ಹತ್ತಿರ ನಮ್ಮ ಹಿಂದಿನ ಬೀದಿಯ ತಾತ ಒಬ್ಬರು ಸಿಕ್ಕಿದರು. "ಒಳ್ಳೇ ಕೆಲ್ಸ ಮಾಡ್ದೆ ಕಣಮ್ಮ. ನಾನು ಮಾತ್ರೆ ಬಿಟ್ಟು ಎಂಟು ದಿನ ಆಯ್ತು" ಎಂದರು. ನನಗೆ ಅರ್ಥವಾಗಲಿಲ್ಲ. "ಡಾಕ್ಟ್ರೇ ಹೇಳಿದ್ರಲ್ಲ, ಬಿಪಿ ನಾರ್ಮಲ್ ಬಂದ್ಮೇಲೆ ಮಾತ್ರೆ ನಿಲ್ಲಿಸ್ಬಹುದು ಅಂತ."

ಡಾಕ್ಟರು ಹೇಳಿದ್ದು ನಿಲ್ಲಿಸಬಾರದು ಅಂತ. ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದಲೇ ನಾರ್ಮಲ್ ಬಂದಿದೆ, ನಾವಾಗಿಯೇ ನಿಲ್ಲಿಸಬಾರದು ಅಂತ. ನಾನು ಮುಂದಿನ ಸಾಲಿನಲ್ಲಿದ್ದೆ, ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಅವರು ಕೊನೆಯ ಸಾಲಿನಲ್ಲಿದ್ದರು. ಹಾಲಿನ ಪ್ಯಾಕೆಟ್ ಅಲ್ಲೇ ಬೂತಿನಲ್ಲಿಟ್ಟು ಆಟೋ ಹಿಡಿದು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಿಪಿ ಜಾಸ್ತಿ ಇತ್ತು. ಅವತ್ತೇ ಮಾತ್ರೆ ಮತ್ತೆ ಶುರು ಮಾಡಿಸಿದರು. ಏನೂ ಆಗಲಿಲ್ಲ. ಆದರೆ ಆಗಬಹುದಿತ್ತು.

ಕನ್ನಡದಲ್ಲಿ ಇದೊಂದು ವಿಷಯ ಇದೆ. ನಮ್ಮ ಮಾತಿನಲ್ಲಿ ಮುಖ್ಯವಾದದ್ದು ವಾಕ್ಯದ ಕೊನೆಯಲ್ಲಿ ಬರುತ್ತದೆ. ಇದೆಯೋ ಇಲ್ಲವೋ, ಬೇಕೋ ಬೇಡವೋ, ಮಾಡಬಹುದೋ ಮಾಡಬಾರದೋ, ಎಲ್ಲವೂ ತುದಿಯಲ್ಲೇ. ಮಾತಾಡುವವರು ದನಿ ಇಳಿಸುವುದೂ ಅಲ್ಲೇ. ಉಸಿರು ಮುಗಿಯುವುದೂ ಅಲ್ಲೇ. ಹಿಂದಿನ ಸಾಲಿನವರಿಗೆ ವಾಕ್ಯ ಪೂರ್ತಿ ಕೇಳಿಸಿ, ಆ ಒಂದು ತುದಿ ಮಾತ್ರ ಕೇಳಿಸದಿದ್ದರೆ ಅವರು ಅದನ್ನು ತಾವೇ ತುಂಬಿಕೊಳ್ಳುತ್ತಾರೆ. ಎಲ್ಲರೂ ತಮಗೆ ಇಷ್ಟವಾದದ್ದನ್ನೇ ತುಂಬಿಕೊಳ್ಳುತ್ತಾರೆ, ಅಲ್ವಾ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ, "ನನಗೂ ಅವತ್ತು ಅರ್ಧ ಕೇಳಿಸ್ಲಿಲ್ಲ" ಎಂದರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳ್ದೆನಲ್ಲ. ಸೆರಗು ಕಿವಿಗೆ ಇಟ್ಕೊಂಡೆ. ನೀನು ನೋಡ್ಲೇ ಇಲ್ಲ."

ಅಮ್ಮ ಯಾವಾಗಲೂ ಕೊನೆಯ ಸಾಲಿನ ಬಾಗಿಲ ಕಡೆಯ ಕುರ್ಚಿಯಲ್ಲೇ ಕೂರುತ್ತಿದ್ದರು. ಮೇಷ್ಟ್ರ ಹೆಂಡತಿ ಮುಂದೆ ಬಂದು ಕೂರಲು ಸಂಕೋಚ ಪಡುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು. ಅದು ಅಪ್ಪ ಕೊಟ್ಟಿದ್ದ ಕೆಲಸ. ಕೇಳಿಸದಿದ್ದರೆ ಅಮ್ಮ ಸೆರಗಿನ ತುದಿಯನ್ನು ಕಿವಿಗೆ ಇಟ್ಟುಕೊಳ್ಳಬೇಕು. ಅಪ್ಪ ಪಕ್ಕದಲ್ಲಿ ನಿಂತಿದ್ದ ಹುಡುಗನಿಗೆ ಕಣ್ಣು ಮಾಡುತ್ತಿದ್ದರು, ಅವನು ದನಿ ಸರಿ ಮಾಡುತ್ತಿದ್ದ. ಯಾವ ಹುಡುಗ ಎಂದು ಕೇಳಿದಾಗ ಅಮ್ಮ ಈ ಅಂಗಡಿಯ ದಾರಿ ಹೇಳಿದರು. "ಮೈ. 600" ಮೈಕಿನ ಬಾಡಿಗೆ ಎಂದು ನನಗೆ ಗೊತ್ತಾದದ್ದು ಆಗ.

ಮರುದಿನ ಬ್ಯಾಂಕ್ ಮುಗಿಸಿಕೊಂಡು ಹೋದೆ. ಯಜಮಾನರಿಗೆ 60 ದಾಟಿದೆ. ನಾನು ಮೇಷ್ಟ್ರ ಮಗಳು ಎಂದ ಕೂಡಲೇ ಎದ್ದು ನಿಂತರು. "ನೀವೇ ಬರ್ಲಿ ಅಂತ ಕಾಯ್ತಿದ್ದೆ ಅಕ್ಕಾ. ಸಾವಿನ ಮನೆಗೆ ಬಂದು ಮೈಕ್ ಬೇಕಾ ಅಂತ ಹೇಗೆ ಕೇಳೋದು?" ಎಂದರು. ತಾತನ ಮಾತ್ರೆಯ ಕತೆ ಹೇಳಿದೆ. ಅವರು ಪೂರ್ತಿ ಕೇಳಿದರು. ಬಾಡಿಗೆ ಎಷ್ಟು ಎಂದು ನಾನು ಕೇಳುವ ಮೊದಲೇ, ಹಾಲ್ ಮತ್ತೆ ಒಂದು ಸಲ ನೋಡಬೇಕು ಎಂದರು. ಮಧ್ಯೆ ಸಂಘದವರು ನೆಲಕ್ಕೆ ಹೊಸ ಟೈಲ್ಸ್ ಹಾಕಿಸಿದ್ದಾರೆ ಎಂಬ ಸುದ್ದಿ ಅವರಿಗೆ ತಲುಪಿತ್ತು.

ಭಾನುವಾರ ಬೆಳಗ್ಗೆ ಬಂದರು. ನಮ್ಮ ಹಾಲ್ ಮೊದಲ ಮಹಡಿಯಲ್ಲಿದೆ, 45 ಅಡಿ ಉದ್ದ, 28 ಅಡಿ ಅಗಲ. ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್, ಎರಡು ಕಡೆ ಗಾಜಿನ ಕಿಟಕಿ. ನಡುವೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿದರು. ಸುಮ್ನೆ ನಿಂತು ಕೇಳಿದರು. ನಾಲ್ಕು ಮೂಲೆಗೂ ಹೋಗಿ ಹಾಗೆಯೇ ಮಾಡಿದರು. ಅಪ್ಪ ನಮಗೆ ಹೇಳಿಕೊಟ್ಟಿದ್ದ ಪಾಠ ನೆನಪಾಯಿತು. ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಗೋಡೆ ಕನಿಷ್ಠ 17 ಮೀಟರ್ ದೂರ ಇರಬೇಕು. ನಮ್ಮ ಹಾಲ್ 14 ಮೀಟರಿನ ಹತ್ತಿರ. ಹಾಗಾಗಿ ಪ್ರತಿಧ್ವನಿ ಬೇರೆಯಾಗಿ ಕೇಳುವುದಿಲ್ಲ, ಮಾತಿನ ಮೇಲೇ ಬಂದು ಬೀಳುತ್ತದೆ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರವನ್ನು ಮುಚ್ಚುತ್ತದೆ. ಯಜಮಾನರು ಇದನ್ನೇ "ಹಾಲ್ ಮಾತು ನುಂಗ್ತಿದೆ" ಎಂದರು.

ಅವರು ಮಾಡಿದ್ದು ದೊಡ್ಡ ಕೆಲಸಗಳಲ್ಲ. ಹಿಂದಿನ ಗೋಡೆಗೆ ಒಂದು ಜಮಖಾನ ನೇತುಹಾಕಿಸಿದರು, ಅದು ಸಂಘದ ಬೀರುವಿನಲ್ಲೇ ಮಡಚಿ ಬಿದ್ದಿತ್ತು. ಬಿಸಿಲಿನ ಕಡೆಯ ಕಿಟಕಿಗಳಿಗೆ ದಪ್ಪ ಪರದೆ ಹಾಕಲು ಹೇಳಿದರು. ಟ್ರಾಲಿ ಸ್ಪೀಕರ್ ಹಾಲ್‌ನ ಒಂದು ಮೂಲೆಯಲ್ಲಿ ನಿಂತು ಕೂಗುತ್ತದೆ. ಹತ್ತಿರದವರಿಗೆ ಕಿವಿ ನೋವು, ದೂರದವರಿಗೆ ಗುಂಯ್ ಅಂತ ಸದ್ದು. ಇವರು ನಾಲ್ಕು ಸಣ್ಣ ಕಾಲಂ ಬಾಕ್ಸ್, ಅಂದರೆ ಕಂಬದಂತೆ ಉದ್ದಕ್ಕಿರುವ ಸ್ಪೀಕರ್ ಪೆಟ್ಟಿಗೆ, ತರುತ್ತಾರೆ. ಎರಡು ಮುಂದೆ, ಎರಡು ಹಾಲ್‌ನ ಅರ್ಧಕ್ಕೆ ಗೋಡೆಯ ಪಕ್ಕ. ಯಾವುದನ್ನೂ ಜೋರಾಗಿ ಇಡುವುದಿಲ್ಲ. ಕೂತವರ ತಲೆಗಿಂತ ಸ್ವಲ್ಪ ಮೇಲಿಟ್ಟು, ಕಿವಿಗಳ ಕಡೆಗೆ ಬಗ್ಗಿಸುತ್ತಾರೆ. ಮೈಕು ಬಾಕ್ಸುಗಳ ಹಿಂದೆಯೇ ಇರಬೇಕು, ಮುಂದೆ ಬಂದರೆ ಕೀಂ ಅನ್ನುತ್ತದೆ. ಇದಕ್ಕೆ ನೆಲದ ಮೇಲೆ ಬಿಳಿ ಟೇಪಿನ ಗೆರೆ ಹಾಕುತ್ತಾರೆ. ಮಾತಿನ ಹುಮ್ಮಸ್ಸಿನಲ್ಲಿ ಮುಂದೆ ನಡೆಯುವ ಉಪನ್ಯಾಸಕರಿಗೆ ಆ ಗೆರೆ ತೋರಿಸಿ ಮೊದಲೇ ಹೇಳುತ್ತಾರೆ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ವಯಸ್ಸಾದವರಿಗೆ ಕೇಳಿಸದಿದ್ದರೆ ನಾವು ವಾಲ್ಯೂಮ್ ಜಾಸ್ತಿ ಮಾಡುತ್ತೇವೆ. ಆದರೆ ವಯಸ್ಸಿನ ಜೊತೆ ಮೊದಲು ಮಂಕಾಗುವುದು ಸಣ್ಣ, ಚೂಪು ದನಿಗಳು. ಸ, ಶ, ತ, ಕ ಇಂಥವು. ಆ, ಊ, ಓ ಎಂಬ ದಪ್ಪ ದನಿಗಳು ಕೇಳುತ್ತಲೇ ಇರುತ್ತವೆ. ಅದಕ್ಕೇ ಅವರು, "ಮಾತಾಡ್ತಿರೋದು ಗೊತ್ತಾಗುತ್ತೆ, ಏನು ಅಂತ ಗೊತ್ತಾಗಲ್ಲ" ಎನ್ನುವುದು. ವಾಲ್ಯೂಮ್ ಏರಿಸಿದರೆ ಆ ದಪ್ಪ ದನಿಯೇ ಇನ್ನಷ್ಟು ದಪ್ಪ ಆಗುತ್ತದೆ. ಯಜಮಾನರು ಬಾಸ್ ಪೂರ್ತಿ ಇಳಿಸಿ ಟ್ರೆಬಲ್ ಸ್ವಲ್ಪ ಏರಿಸುತ್ತಾರೆ. ನಮ್ಮ ಕಿವಿಗೆ ದನಿ ತೆಳ್ಳಗೆ ಅನಿಸುತ್ತದೆ. ಅಮ್ಮನ ಕಿವಿಗೆ ಅಕ್ಷರ ಬಿಡಿಸಿ ಕೇಳುತ್ತದೆ. ಹಿಂದಿನ ಎರಡು ಫ್ಯಾನ್ ಆರಿಸಲು ಹೇಳುತ್ತಾರೆ. ಬೇಸಿಗೆಯಲ್ಲಿ ಇದಕ್ಕೆ ಗೊಣಗುವವರು ಇದ್ದಾರೆ. ಆದರೂ ಆರಿಸುತ್ತೇವೆ.

ಮುಂದಿನ ಉಪನ್ಯಾಸದ ಸಂಜೆ ಹುಡುಗ ಮೈಕ್ ಸ್ಟ್ಯಾಂಡ್ ನಿಲ್ಲಿಸಿ ನನ್ನನ್ನು ಕರೆದ. ಹೋಗಿ ನಿಂತರೆ ಮೈಕು ನನ್ನ ಹಣೆಯ ಎತ್ತರಕ್ಕಿತ್ತು. ಸ್ಟ್ಯಾಂಡಿನ ಕಂಬಿಗೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿದ್ದಾರೆ. ಅದು ಅಪ್ಪನ ಎತ್ತರ. ಪ್ರತಿ ತಿಂಗಳೂ ಮೇಷ್ಟ್ರನ್ನು ಕೇಳದೆ ಅಲ್ಲಿಗೆ ಏರಿಸಿ ಬಿಗಿ ಮಾಡುತ್ತಿದ್ದರಂತೆ. ಅವನು ಅಭ್ಯಾಸದಿಂದ ಅಲ್ಲಿಗೇ ನಿಲ್ಲಿಸಿದ್ದ. ತಪ್ಪಾಯ್ತು ಎಂದು ಟೇಪು ಬಿಚ್ಚಲು ಹೋದ. ಬೇಡ ಎಂದೆ. ಈಗ ಅದೇ ಕಂಬಿಯಲ್ಲಿ ಎರಡು ಟೇಪುಗಳಿವೆ. ಮೇಲೆ ಕೆಂಪು, ಆರು ಇಂಚು ಕೆಳಗೆ ನೀಲಿ. ನೀಲಿ ನನ್ನದು.

ಮೊದಲ ಸಲ ಆ ಮೈಕಿನಲ್ಲಿ ಸ್ವಾಗತ ಹೇಳುವಾಗ ನನಗೆ ಗಂಟಲು ಕಟ್ಟಿತು. ಅಷ್ಟು ಸಣ್ಣ ದನಿಯೂ ಹಿಂದಿನವರೆಗೆ ಹೋಯಿತು ಎಂದು ಆಮೇಲೆ ಅಮ್ಮ ಹೇಳಿದರು.

ಇನ್ನು ಲೆಕ್ಕ. ನಾಲ್ಕು ಬಾಕ್ಸ್, ಆಂಪ್ಲಿಫೈಯರ್, ಪೋಡಿಯಂ ಮೈಕ್, ಪ್ರಶ್ನೆ ಕೇಳುವವರಿಗೆ ಒಂದು ಕಾರ್ಡ್‌ಲೆಸ್, ಸಾಗಣೆ, ಪೂರ್ತಿ ಹೊತ್ತು ಕೂರುವ ಒಬ್ಬ ಹುಡುಗ, ಎಲ್ಲ ಸೇರಿ ನಮಗೆ 800 ರೂಪಾಯಿ. ಬೇರೆಯವರಿಗೆ ಅರ್ಧ ದಿನಕ್ಕೆ 1,500 ಹೇಳುತ್ತಾರೆ. ನನಗೂ ಅಷ್ಟೇ ಹಾಕಿ ಎಂದೆ, ಒಪ್ಪಲಿಲ್ಲ. "ಮೇಷ್ಟ್ರಿಗೆ ಹಾಕಿದ್ದಕ್ಕಿಂತ ಇನ್ನೂರು ಜಾಸ್ತಿ ಆಯ್ತಲ್ಲ, ಪೆಟ್ರೋಲ್ ಏರಿದೆ ಅಂತ" ಎಂದರು. ಐದೂವರೆಗೆ ಶುರು ಎಂದರೆ ನಾಲ್ಕೂಕಾಲಿಗೆ ಬರುತ್ತಾರೆ. ವೈರನ್ನು ಗೋಡೆಯ ಬದಿಗೇ ಎಳೆದು, ಬಾಗಿಲ ಹತ್ತಿರ ದಾಟುವಲ್ಲಿ ಟೇಪು ಅಂಟಿಸುತ್ತಾರೆ. ಕೋಲು ಹಿಡಿದು ಬರುವವರು ಎಡವಬಾರದು ಅಂತ. ಕಾರ್ಡ್‌ಲೆಸ್ ಮೈಕಿಗೆ ಪ್ರತಿ ಸಲ ಹೊಸ ಸೆಲ್ ಹಾಕುತ್ತಾರೆ, ಹಳೆಯದರಲ್ಲಿ ಜೀವ ಇದ್ದರೂ.

ಜೋರು ಸದ್ದು ಬೇಕು ಎನ್ನುವವರಿಗೆ ಇವರು ಸರಿಹೋಗುವುದಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ, ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ, ಇದು 2000ದ ಶಬ್ದ ಮಾಲಿನ್ಯ ನಿಯಮ. ಅದು ಅವರಿಗೆ ಬಾಯಿಪಾಠ. ಪಕ್ಕದ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಗು ಇದೆ ಎಂದು ಗೊತ್ತಾದ ಮೇಲೆ ಆ ಕಡೆಯ ಬಾಕ್ಸುಗಳನ್ನು ಇನ್ನಷ್ಟು ಒಳಗೆ ತಿರುಗಿಸಿದರು. ಆ ಮಗುವಿನ ತಾಯಿ ಈಗ ಉಪನ್ಯಾಸಕ್ಕೆ ಬರುತ್ತಾರೆ.

ಕಳೆದ ಏಪ್ರಿಲ್‌ನಲ್ಲಿ ಮಾತಿನ ಮಧ್ಯೆ ಮಳೆ ಬಂದು ಕರೆಂಟ್ ಹೋಯಿತು. ಆಂಪ್ಲಿಫೈಯರನ್ನು 12 ವೋಲ್ಟಿನ ಬ್ಯಾಟರಿಗೂ ಸೇರಿಸಿಟ್ಟಿದ್ದರು. ಫ್ಯಾನ್ ನಿಂತವು, ಲೈಟ್ ಹೋದವು, ಮಾತು ನಿಲ್ಲಲಿಲ್ಲ. ಅವತ್ತಿನ ವಿಷಯ ಮೈಸೂರಿನ ಆಕಾಶವಾಣಿ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರು ಮಾಡಿದ್ದನ್ನು ಉಪನ್ಯಾಸಕರು ಹೇಳುತ್ತಿದ್ದರು. ಕತ್ತಲಲ್ಲಿ, ಮಳೆಯ ಸದ್ದಿನಲ್ಲಿ ಎಪ್ಪತ್ತು ಜನ ಅಲುಗಾಡದೆ ಕೂತು ಕೇಳಿದರು. ಅಪ್ಪ ಇದ್ದಿದ್ದರೆ ಅವತ್ತಿನ ಪುಟದಲ್ಲಿ ಏನು ಬರೆದುಕೊಳ್ಳುತ್ತಿದ್ದರು ಎಂದು ತುಂಬ ಹೊತ್ತು ಯೋಚಿಸಿದೆ. ಕೊನೆಗೆ ಬರಿ "ಕರೆಂಟ್ ಹೋಯಿತು, ಯಾರೂ ಏಳಲಿಲ್ಲ" ಎಂದು ಬರೆದೆ.

ಕೊರತೆಗಳೂ ಇವೆ. ಫೋನ್ ಎತ್ತುವುದಿಲ್ಲ. ವಾಟ್ಸಾಪ್ ನೋಡುವುದಿಲ್ಲ. ಅಂಗಡಿಗೇ ಹೋಗಿ ಅವರ ಡೈರಿಯಲ್ಲಿ ಬರೆಸಿ ಬರಬೇಕು. ಗಣೇಶನ ಹಬ್ಬ, ನವೆಂಬರ್ ತಿಂಗಳು ಬಂತೆಂದರೆ ಅವರ ಕೈಗೆ ಬಿಡುವೇ ಇರುವುದಿಲ್ಲ. ಕಳೆದ ನವೆಂಬರಿನಲ್ಲಿ ಹೊಸ ಹುಡುಗನನ್ನು ಕಳಿಸಿದರು. ಅವನು ನಾಲ್ಕೂ ಬಾಕ್ಸುಗಳನ್ನು ಮುಂದೆಯೇ ಸಾಲಾಗಿ ಇಟ್ಟು, ರಾಜ್ಯೋತ್ಸವದ ಪೆಂಡಾಲಿಗೆ ಇಡುವಂತೆ ದನಿ ಇಟ್ಟ. ಅವತ್ತು ಅರ್ಧ ಜನ ಬೇಗ ಎದ್ದು ಹೋದರು. ನನಗೆ ನಿಜವಾಗಿ ಬೇಸರವಾಯಿತು. ಮರುದಿನ ಹೋಗಿ ಹೇಳಿದೆ. ಯಜಮಾನರು ಆ ತಿಂಗಳ ದುಡ್ಡು ವಾಪಸ್ ಕೊಟ್ಟರು. ಆ ಹುಡುಗನನ್ನು ಡಿಸೆಂಬರಿನಲ್ಲಿ ಮತ್ತೆ ಕರೆತಂದು, ಕೊನೆಯ ಸಾಲಿನಲ್ಲಿ ಅಮ್ಮನ ಪಕ್ಕ ಒಂದೂಕಾಲು ಗಂಟೆ ಕೂರಿಸಿದರು. ಅವನು ಈಗ ಇವರ ಒಳ್ಳೆಯ ಕೆಲಸಗಾರ. ಇನ್ನು ಕಾಲರ್ ಮೈಕ್ ಮಾತ್ರ ಕೇಳಬೇಡಿ. ಇವರ ಹತ್ತಿರ ಇರುವುದು ಹಳೆಯದು, ಸೀರೆಗೆ, ಶರ್ಟಿಗೆ ಉಜ್ಜಿ ಕರಕರ ಅನ್ನುತ್ತದೆ. ಮುದ್ರಿಸಿದ ಬಿಲ್ ಕೊಡುವುದಿಲ್ಲ, ಕೈಯಲ್ಲಿ ಬರೆದ ಚೀಟಿ ಅಷ್ಟೇ. ಆಡಿಟ್ ಇರುವ ಸಂಸ್ಥೆಗಳು ಇದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಐದರಲ್ಲಿ ಎಷ್ಟು ಎಂದು ಕೇಳಿದರೆ ನಾನು ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಕಡಿಮೆಯಾಗಿದ್ದು ನವೆಂಬರಿಗೆ.

ಟ್ರಾಲಿ ಸ್ಪೀಕರನ್ನು ಹತ್ತಿರದ ಅಂಗನವಾಡಿಗೆ ಕೊಟ್ಟೆ. ಮಕ್ಕಳಿಗೆ ಆ ಬಣ್ಣದ ಲೈಟು ಇಷ್ಟವಾಗಿದೆ.

ಈಗ ಉಪನ್ಯಾಸದ ನಂಬರು 149. ಮಾತ್ರೆಯ ತಾತ ಬರುತ್ತಲೇ ಇದ್ದಾರೆ. ಮುಂದೆ ಬಂದು ಕೂರಿ ಎಂದರೆ ಕೇಳುವುದಿಲ್ಲ, ಅವರದು ಅದೇ ಕೊನೆಯ ಸಾಲು. ನಾನು ಅಮ್ಮನ ಸೆರಗಿನ ಕಡೆ ಕಣ್ಣಿಡುವುದನ್ನು ಕಲಿತಿದ್ದೇನೆ. ಹುಡುಗ ಈಗ ಹಲೋ ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ ಎನ್ನುವುದಿಲ್ಲ. ಅದನ್ನು ಯಜಮಾನರು ನಿಲ್ಲಿಸಿಬಿಟ್ಟಿದ್ದಾರೆ. ಜನ ಬರುವ ಮೊದಲು ಅಮ್ಮ ಹೋಗಿ ತಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಹುಡುಗ ಮೈಕಿನ ಮುಂದೆ ನಿಂತು, ಕೈಯಿಂದ ಬಾಯಿ ಮರೆ ಮಾಡಿಕೊಂಡು, ಬೇಕೆಂದೇ ಕೊನೆಯಲ್ಲಿ ದನಿ ಇಳಿಸಿ ಒಂದು ವಾಕ್ಯ ಹೇಳುತ್ತಾನೆ. ಕೇಳಿಸಿದ್ದನ್ನು ಅಮ್ಮ ತಿರುಗಿ ಹೇಳಬೇಕು.

ಕಳೆದ ಭಾನುವಾರ ಅವನು, "ಊಟ ಆದ್ಮೇಲೆ ತಗೋಬಾರದು" ಎಂದ.

"ಬಾರದು" ಎಂದರು ಅಮ್ಮ, ಹಿಂದಿನಿಂದ. "ಸರಿ ಇದೆ ಕಣಪ್ಪ. ಬಾಗಿಲು ತೆಗಿ."